ಮೋಲ್ಡಿಂಗ್ ಹಾಳು ಮಾಡಿಕೊಂಡ ಗೆಳೆಯನಿಗೊಂದು ಪತ್ರ

ಕೊಲಂಬಸ್, ಒಹಾಯೊ

ಲೋ ಗೆಳೆಯಾ,

ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೇ ಒಂದೆರಡು ಪಟ್ಟಿ ಕೈಕೊಟ್ಟಿವೆ ಅಂತ ಗೊತ್ತಾಯ್ತು. ನಾನೂ 16 ಅಡಿಯ ಕ್ರೌನ್ ಮೋಲ್ಡಿಂಗನ್ನು (ಗೋಡೆ, ಸೀಲಿಂಗ್ ಸೇರುವಲ್ಲಿ ಹೊಡೆಯುವ ಮರದ ಅಂಚುಪಟ್ಟಿ) ಉಲ್ಟಾ ಕುಯ್ದು, ಸರಿಮಾಡಲು ಹೋಗಿ 12 ಅಡಿಗೆ ಇಳಿಸಿದವನೇ. ಊರಲ್ಲಾಗಿದ್ದರೆ ಪಿಒಪಿಯವನು ಬಂದು ಸೀಲಿಂಗಿಗೆ ಅಂಚು ಎಳೆದು ಹೋಗುತ್ತಿದ್ದ. ಇಲ್ಲಿ ನಾವೇ ಆಚಾರಿಗಳು!

ಗರಗಸದ್ದೇನೂ ತಪ್ಪಿಲ್ಲ ಕಣೋ. ಪಟ್ಟಿ ಗೋಡೆಗೂ ಸೀಲಿಂಗಿಗೂ ನಡುವೆ ಓರೆಯಾಗಿ ಕೂರುತ್ತೆ, ತಲೆಬಿಸಿ ಅಲ್ಲೇ. ಮೈಟರ್ ಸಾ (ಬೇಕಾದ ಕೋನಕ್ಕೆ ತಿರುಗಿಸಿ ಕುಯ್ಯುವ ಗರಗಸ) ಮೇಲೂ ಅದೇ ಓರೆಯಲ್ಲಿ, ಆದರೆ ತಲೆಕೆಳಗಾಗಿ ಕೂರಿಸು. ಟೇಬಲ್ಲೇ ಸೀಲಿಂಗ್, ಹಿಂದೆ ನೆಟ್ಟಗೆ ನಿಂತ ಫೆನ್ಸೇ ಗೋಡೆ ಅಂದುಕೋ. ಎಡ ತುದಿ ಬಲಕ್ಕೆ ಹೋಗಿರುತ್ತೆ. ನೀನು ಎಡವಿದ್ದು ಇಲ್ಲೇ ಇರಬೇಕು. ಕುಯ್ದ ಮೇಲೆ ನೋಡು: ಒಳಮೂಲೆಯದಾದರೆ ಗೋಡೆಯ ಅಂಚು ಉದ್ದ ಉಳಿದಿರಬೇಕು, ಹೊರಮೂಲೆಯದಾದರೆ ಸೀಲಿಂಗಿನ ಅಂಚು. ನಾನು ಅಡಿಯುದ್ದದ ನಾಲ್ಕು ತುಂಡು ಸರಿಯಾಗಿ ಕುಯ್ದು, ‘ಒಳ ಎಡ’, ‘ಹೊರ ಬಲ’ ಹೀಗೆಲ್ಲ ಬೆನ್ನಿಗೆ ಬರೆದು ಗ್ಯಾರೇಜಿನಲ್ಲಿ ನೇತುಹಾಕಿದ್ದೇನೆ. ಈಗಲೂ ಅವನ್ನು ನೋಡದೆ ಗರಗಸ ಮುಟ್ಟಲ್ಲ. ಪಟ್ಟಿ ಜಾರಿದರೆ ಕೋನ ಕೆಟ್ಟಿತು ಅಂತಲೇ ಲೆಕ್ಕ. ಟೇಬಲ್ ಮೇಲೆ ಅಡ್ಡಪಟ್ಟಿಯೊಂದನ್ನು ಕ್ಲ್ಯಾಂಪ್ ಮಾಡಿ ತಡೆ ಕೊಡು.

ಪಟ್ಟಿಯನ್ನು ಟೇಬಲ್ ಮೇಲೆ ಮಲಗಿಸಿ ಕುಯ್ಯುವ ದಾರಿಯೂ ಇದೆ. ಗೋಡೆಯಿಂದ 38 ಡಿಗ್ರಿ ಓರೆಯಾಗಿ ಕೂರುವ ಮೋಲ್ಡಿಂಗಿಗೆ ಮೈಟರ್ (ಗರಗಸ ಪಕ್ಕಕ್ಕೆ ತಿರುಗುವ ಕೋನ) 31.6, ಬೆವೆಲ್ (ಅಲಗು ವಾಲುವ ಕೋನ) 33.9. ಆದರೆ ಈ ಲೆಕ್ಕ ಮೂಲೆ ಸರಿಯಾಗಿ 90 ಇದ್ದರಷ್ಟೇ ಹೊಂದುತ್ತೆ. ಯಾವ ಮನೆಯ ಮೂಲೆ ಹಾಗಿರುತ್ತೆ ಹೇಳು?

ಹಾಗಾಗಿ ಒಳಮೂಲೆಗಳಲ್ಲಿ ಎರಡು ಓರೆ ತುದಿಗಳನ್ನು ಜೋಡಿಸುವ ಆಸೆ ಬಿಡು. ಚಳಿಗಾಲದಲ್ಲಿ ಹೀಟರ್ ಹಾಕಿದ ಮೇಲೆ ಮರ ಒಣಗಿ ಸಂದು ಬಾಯಿ ಬಿಡುತ್ತೆ. ಮೊದಲ ಪಟ್ಟಿಯನ್ನು ನೇರ ಕುಯ್ದು ಮೂಲೆಗೆ ತಾಗಿಸು. ಎರಡನೆಯದನ್ನು ಒಳಮೂಲೆಗೆಂಬಂತೆ 45ಕ್ಕೆ ಕುಯ್ಯಿ. ಮುಂಭಾಗದಲ್ಲಿ ಅದರ ಅಂಕುಡೊಂಕು ಗೆರೆಯಾಗಿ ಕಾಣುತ್ತೆ. ಪೆನ್ಸಿಲಿನಿಂದ ಆ ಗೆರೆ ಕಪ್ಪು ಮಾಡಿ, ಕೋಪಿಂಗ್ ಸಾ (ತೆಳು ಅಲಗಿನ ಕೈಗರಗಸ) ಹಿಡಿದು ಗೆರೆಯುದ್ದಕ್ಕೂ ಕುಯ್ಯಿ. ಅಲಗು ಹಿಂದಕ್ಕೆ ವಾಲಿರಲಿ, ಹಿಂಬದಿಯ ಮರ ಹೆಚ್ಚು ಹೋಗಬೇಕು. ಆಮೇಲೆ ಅರದಿಂದ ಉಜ್ಜು. ಇನ್ನೊಂದರ ಮೈಮೇಲೆ ಕೂತಾಗ ಮೂಲೆ 89 ಇದ್ದರೂ 91 ಇದ್ದರೂ ತಿಳಿಯಲ್ಲ. ಮೊದಲನೆಯದಕ್ಕೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಹೆಂಡತಿ ಎರಡು ಸಲ ಕಾಫಿ ತಂದಿಟ್ಟಳು.

ನಿನ್ನ ಫೈರ್‌ಪ್ಲೇಸಿನ ಎರಡು ಹೊರಮೂಲೆಗಳಿಗೆ ಮಾತ್ರ ಮೈಟರ್ ಬಿಟ್ಟರೆ ಗತಿಯಿಲ್ಲ. ಕೋನ ಅಳೆದು, ಅದನ್ನು 180ರಿಂದ ಕಳೆದು ಅರ್ಧ ಮಾಡು. 92 ಬಂದರೆ ಗರಗಸ ತಲಾ 44ಕ್ಕೆ.

ಅಳತೆ ಇವತ್ತೇ ಕಳಿಸು. ಶನಿವಾರ ಬರುವಾಗ ನನ್ನ ನಾಲ್ಕು ತುಂಡುಗಳನ್ನೂ ತರುತ್ತೇನೆ. ಅಲ್ಲಿಯವರೆಗೆ ಉದ್ದದ ಪಟ್ಟಿಗಳ ತಂಟೆಗೆ ಹೋಗಬೇಡ.

ನಿನ್ನವನೇ