ಮುಖಪುಟದ ಚರ್ಚು

ನಮ್ಮ ಸಂಘದ ರಾಜ್ಯೋತ್ಸವ ಸಂಚಿಕೆಗೆ ಊರಿನ ಚಿತ್ರ ಕಳುಹಿಸಿ ಎಂದರೆ ಸಾಕು, ಹಾಸನದ ಬಳಿಯ ಶೆಟ್ಟಿಹಳ್ಳಿಯ ಚರ್ಚು ಬಂದೇ ಬರುತ್ತದೆ. ಈ ಸಲ ಐದು ಬಂದವು. ಐದರಲ್ಲೂ ಹೇಮಾವತಿಯ ಹಿನ್ನೀರು, ಮುರಿದ ಕಮಾನು, ಒಂದರಲ್ಲಿ ಕೊಕ್ಕರೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಆ ಚರ್ಚು ಗೊರೂರಿನ ಅಣೆಕಟ್ಟು ಎದ್ದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಗೆ ಬುಡದವರೆಗೆ ಕಾಣುತ್ತದೆ. ನೋಡಲು ಚೆಂದವೇ. ಆದರೆ ಅಲ್ಲಿ ಪೂಜೆಗೆ ಕೂರುತ್ತಿದ್ದವರು ಗಂಟುಮೂಟೆ ಕಟ್ಟಿ ಹೊರಟದ್ದು ಯಾವ ಚಿತ್ರದಲ್ಲೂ ಇಲ್ಲ.

ಅದಕ್ಕೇ ಈ ಬಾರಿ ಜನ ಈಗಲೂ ಕೂರುವ ಚರ್ಚೊಂದನ್ನು ಮುಖಪುಟಕ್ಕೆ ಹಾಕಿದ್ದೇನೆ. ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವಿನದು. ಜುಲೈನಲ್ಲಿ ಊರಿಗೆ ಹೋದಾಗ ಶಾಲೆಯ ಗೆಳೆಯನೊಬ್ಬ ಕರೆದೊಯ್ದ. "ಇದೇನು ಸ್ವಾಮಿ, ಕಾಫಿ ಗೋದಾಮೇ?" ಎಂದು ನಮ್ಮ ಖಜಾಂಚಿಯವರು ಆಗಲೇ ಕೇಳಿಯಾಗಿದೆ.

ಹೊರಗಿನಿಂದ ಗೋದಾಮೇ ಸರಿ. ಗೋಪುರವಿಲ್ಲ, ಗಂಟೆ ಅಂಗಳದ ಎರಡು ಕಾಂಕ್ರೀಟ್ ಕಂಬಗಳ ನಡುವೆ ನೇತಾಡುತ್ತದೆ. ಕಿಟಕಿಯ ಜಾಗದಲ್ಲಿ ಸಿಮೆಂಟಿನ ಜಾಲರಿ. ಒಳಗೆ ಕಾಲಿಟ್ಟಾಗಲೇ ಕಟ್ಟಿದವರ ಬುದ್ಧಿ ಕಾಣುವುದು. ಬೆಂಚುಗಳು ಬಲಿಪೀಠದ, ಅಂದರೆ ಪಾದ್ರಿಗಳು ಪೂಜೆ ಅರ್ಪಿಸುವ ವೇದಿಕೆಯ, ಸುತ್ತ ಬೀಸಣಿಗೆಯಂತೆ ಹರಡಿಕೊಂಡಿವೆ. ಕಟ್ಟಕಡೆಯ ಬೆಂಚಿನಿಂದ ಬಲಿಪೀಠಕ್ಕೆ ಹದಿನೈದೇ ಹೆಜ್ಜೆ, ನಾನು ಎಣಿಸಿದೆ.

ಹಿಂದಿನ ಚರ್ಚುಗಳು ಹೀಗಿರಲಿಲ್ಲ. ಬಲಿಪೀಠ ಹಿಂಗೋಡೆಗೆ ಅಂಟಿಕೊಂಡಿರುತ್ತಿತ್ತು. ಪಾದ್ರಿಗಳು ಜನರಿಗೆ ಬೆನ್ನು ಮಾಡಿ ಲ್ಯಾಟಿನ್‌ನಲ್ಲಿ ಪೂಜೆ ಅರ್ಪಿಸುತ್ತಿದ್ದರು. 1963ರ ನವೆಂಬರ್‌ನಲ್ಲಿ ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಉಸ್ತುವಾರಿಯ ಪ್ರದೇಶ, ಹುಟ್ಟಿತು. ಹಾಸನವೂ ಅದರ ಪಾಲಿಗೆ ಬಂತು. ಮರುತಿಂಗಳೇ ರೋಮಿನಲ್ಲಿ ಕ್ಯಾಥೊಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಸುಧಾರಣೆಗೆ ಒಪ್ಪಿಗೆ ಕೊಟ್ಟು ಜನರ ಭಾಷೆಗೆ ಬಾಗಿಲು ತೆರೆಯಿತು. ಪೂಜೆ ಕನ್ನಡಕ್ಕೆ ಬಂತು, ಬಲಿಪೀಠ ಗೋಡೆ ಬಿಟ್ಟು ಮುಂದಕ್ಕೆ ಬಂತು. ಮಾತು ಅರ್ಥವಾಗತೊಡಗಿದ ಮೇಲೆ ಹಿಂದಿನ ಬೆಂಚಿನವರಿಗೂ ಅದು ಕೇಳಿಸಬೇಕಲ್ಲ! ಉದ್ದನೆಯ ಹಜಾರ ಅಗಲವಾದದ್ದರಲ್ಲಿ ಆಶ್ಚರ್ಯವಿಲ್ಲ.

ಹೊಗಳುತ್ತಲೇ ಹೋಗಲಾರೆ. ಮಲೆನಾಡಿನ ಮಳೆಗೆ ಸಪಾಟು ತಾರಸಿ ಹಾಕುವ ಯೋಚನೆ ಯಾರಿಗೆ ಬಂತೋ, ಅದು ಸೋರಿದ್ದೇ ಸೋರಿದ್ದು. ಈಗ ಅದರ ಮೇಲೊಂದು ಶೀಟಿನ ಮಾಡು ಕೂತಿದೆ. ನಕ್ಷೆ ಬರೆದವರು ಕಂಡರೆ ಮುಖ ಸಿಂಡರಿಸಿಯಾರು. ಆದರೆ ಆಚೆ ಈಚೆ ಚಾಚಿಕೊಂಡ ಆ ಶೀಟಿನಡಿಯೇ ಒದ್ದೆ ಕೊಡೆಗಳು, ಕೆಸರು ಮೆತ್ತಿದ ಚಪ್ಪಲಿಗಳು, ತಡವಾಗಿ ಬಂದವರು ಎಲ್ಲರಿಗೂ ಆಸರೆ.

ಆ ಭಾನುವಾರ ಫಾದರ್ ಪ್ರಬೋಧನೆ ಶುರು ಮಾಡುವುದಕ್ಕೂ ಮಳೆ ಹುಯ್ಯುವುದಕ್ಕೂ ಸರಿಹೋಯಿತು. ಶೀಟಿನ ಸದ್ದು ಜಾಲರಿಯಿಂದ ನುಗ್ಗಿ ಮೈಕನ್ನು ಮುಳುಗಿಸಿತು. ಅವರು ಸುಮ್ಮನೆ ಕೈಕಟ್ಟಿ ನಿಂತರು. ಒಬ್ಬ ಅಜ್ಜಿ ಗೀತೆಯೊಂದನ್ನು ಎತ್ತಿಕೊಂಡರು, ಉಳಿದವರು ದನಿಗೂಡಿಸಿದರು. ಬೆಂಚುಗಳ ಬಾಗಿನಿಂದಾಗಿ ಹಾಡುವವರ ಬೆನ್ನುಗಳ ಬದಲು ಮುಖಗಳೇ ಕಾಣುತ್ತಿದ್ದವು. ಮಳೆ ತುಸು ಇಳಿದಾಗ ಫಾದರ್ ಕೇಳಿದರು: "ಎಲ್ಲಿಗೆ ನಿಲ್ಲಿಸಿದ್ದೆ?"

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತು ಹೇಳಿದ.