ಭಜನೆ ಮನೆಯ ಹಾರ್ಮೋನಿಯಂ ಮಕ್ಕಳ ಕೈಗೆ ಸಿಗಲಿ

ಸಂಪಾದಕರಿಗೆ ನಮಸ್ಕಾರ.

ದಾವಣಗೆರೆ, ಹರಿಹರ, ಜಗಳೂರು ಕಡೆಯ ಊರುಗಳಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವುದು ನನ್ನ ಕಸುಬು. ಶ್ರಾವಣ ಹತ್ತಿರ ಬಂದಾಗ ಭಜನೆ ಮನೆಗಳಿಂದ ಕರೆ ಬರುತ್ತದೆ. ಅಲ್ಲಿಯವರೆಗೂ ಪೆಟ್ಟಿಗೆ ಬೀರುವಿನಲ್ಲಿ, ಬೀಗದೊಳಗೆ. ತೆಗೆದು ನೋಡಿದರೆ ತಿದಿಯನ್ನು ಇಲಿ ಕಡಿದಿರುತ್ತದೆ, ಗಾಳಿಗೆ ಅದುರಿ ಸ್ವರ ಕೊಡುವ ಹಿತ್ತಾಳೆ ಪಟ್ಟಿಗೆ, ಅಂದರೆ ರೀಡಿಗೆ, ಕಿಲುಬು ಹಿಡಿದಿರುತ್ತದೆ. ‘ಹುಡುಗರು ಮುಟ್ಟಿ ಹಾಳು ಮಾಡ್ತಾರೆ ಅಂತ ಒಳಗಿಟ್ಟಿದ್ವಿ’ ಅನ್ನುತ್ತಾರೆ. ಆದರೆ ಮುಟ್ಟದೇ ಹಾಳಾದ ಪೆಟ್ಟಿಗೆಗಳೇ ನನ್ನ ಕೈಗೆ ಜಾಸ್ತಿ ಬಂದಿವೆ.

ಈಗ ಇದನ್ನು ಬರೆಯಲು ಕಾರಣ ಉನ್ಸುಕ್ ಚಿನ್. ದಕ್ಷಿಣ ಕೊರಿಯಾದ ಈ ಹೆಣ್ಣುಮಗಳು 1988ರಿಂದ ಬರ್ಲಿನ್‌ನಲ್ಲಿದ್ದಾರೆ. ದೊಡ್ಡ ಆರ್ಕೆಸ್ಟ್ರಾಗಳಿಗೆ ಸಂಗೀತ ಬರೆಯುತ್ತಾರೆ. 2004ರಲ್ಲಿ ಅಮೆರಿಕದ ಗ್ರಾವೆಮೆಯರ್ ಪ್ರಶಸ್ತಿ, 2024ರಲ್ಲಿ ಜರ್ಮನಿಯ ಸೀಮೆನ್ಸ್ ಸಂಗೀತ ಪ್ರಶಸ್ತಿ ಅವರಿಗೆ ಬಂದಿವೆ. 2009ರಲ್ಲಿ ಅವರು ಚೀನಾದ ಶೆಂಗ್ ವಾದ್ಯಕ್ಕೆ ಬರೆದ ‘ಶು’ ಕೃತಿಯನ್ನು ಫೋನಿನಲ್ಲಿ ಕೇಳಿದೆ. ನುಡಿಸಿದವರು ವು ವೇ. ಶೆಂಗ್ ಅಂದರೆ ಬಿದಿರು ಕೊಳವೆಗಳ ಗೊಂಚಲು. ಪ್ರತಿ ಕೊಳವೆಯ ಬುಡದಲ್ಲೂ ಒಂದು ಲೋಹದ ರೀಡು. ಊದಿದರೂ ನುಡಿಯುತ್ತದೆ, ಉಸಿರು ಒಳಗೆಳೆದರೂ ನುಡಿಯುತ್ತದೆ. ಕೇಳುತ್ತಿದ್ದಂತೆ ನನಗೆ ಗೊತ್ತಾಯಿತು, ಇದು ನಾನು ದಿನಾ ಅರ ಹಿಡಿದು ಉಜ್ಜುವ ರೀಡಿನ ಜಾತಿಯದೇ ಎಂದು. ಒಂದು ತುದಿ ಬಿಗಿ, ಇನ್ನೊಂದು ತುದಿ ಗಾಳಿಗೆ ಅದುರುತ್ತದೆ. ಯುರೋಪಿನವರು ಈ ರೀಡಿನ ಗುಟ್ಟನ್ನು ಶೆಂಗ್ ನೋಡಿ ಕಲಿತರು ಎನ್ನುತ್ತಾರೆ. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಹಾರ್ಮೋನಿಯಂ ಬಂತು. ಆಮೇಲೆ ಕಲ್ಕತ್ತಾದಲ್ಲಿ ಅದು ಕೈಪೆಟ್ಟಿಗೆಯಾಗಿ, ನಮ್ಮ ನಾಟಕ ಕಂಪನಿಗಳಿಗೂ ಭಜನೆ ಮನೆಗಳಿಗೂ ಬಂತು. ದೂರದ ನೆಂಟಸ್ತನ ಏನಲ್ಲ ಇದು.

ಚಿನ್ ಅವರು ಸಂಗೀತ ಕಲಿತ ರೀತಿಯನ್ನೂ ಓದಿದೆ. ತಂದೆ ಸೋಲ್ ನಗರದಲ್ಲಿ ಚರ್ಚಿನ ಪಾದ್ರಿ. ಚರ್ಚಿನಲ್ಲಿ ಒಂದು ಪಿಯಾನೊ ಇತ್ತು. ಮೇಷ್ಟ್ರನ್ನು ಇಟ್ಟು ಕಲಿಸುವಷ್ಟು ಹಣ ಇರಲಿಲ್ಲ. ಸ್ವರ ಓದುವುದನ್ನು ತಂದೆ ಹೇಳಿಕೊಟ್ಟರು, ಉಳಿದದ್ದನ್ನು ಹುಡುಗಿ ತಾನೇ ಕಲಿತಳು, ಪ್ರಾರ್ಥನೆಗೆ ನುಡಿಸಿದಳು. ಸ್ವರಲಿಪಿಯ ಪುಸ್ತಕ ಕೊಳ್ಳಲಾಗದೆ, ರಷ್ಯಾದ ಚೈಕೋವ್‌ಸ್ಕಿ ಆರ್ಕೆಸ್ಟ್ರಾಗೆ ಬರೆದ ಸಿಂಫನಿಯನ್ನು ಕೈಯಲ್ಲೇ ನಕಲು ಮಾಡಿಕೊಂಡಳು. ಮುಂದೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಗುರುವಾಗಿ ಸಿಕ್ಕ ಹೆಸರಾಂತ ಸಂಗೀತ ರಚನಕಾರ ಲಿಗೆಟಿ, ‘ಇಲ್ಲಿಯವರೆಗೆ ನೀನು ಬರೆದಿದ್ದನ್ನೆಲ್ಲ ಎಸೆದುಬಿಡು’ ಎಂದರಂತೆ. ಬಹುಮಾನ ಬಂದಿದ್ದ ಕೃತಿಗಳು ಅವು! ಸುಮಾರು ಮೂರು ವರ್ಷ ಏನೂ ಬರೆಯಲಾಗಲಿಲ್ಲ. ಆದರೂ ಸಂಗೀತ ಬಿಡಲಿಲ್ಲ. ಚಿಕ್ಕಂದಿನಲ್ಲಿ ತಾನೇ ತಡಕಾಡಿ ಕಲಿತವರಿಗೆ ಆ ಗಟ್ಟಿತನ ಇರುತ್ತದೆ ಎಂದು ನನಗನ್ನಿಸುತ್ತದೆ.

ಆ ಚರ್ಚಿನವರು ಪಿಯಾನೊಗೆ ಬೀಗ ಹಾಕಿದ್ದರೆ?

ಪ್ರತಿ ಶಾಲೆಗೂ ಸಂಗೀತ ಮೇಷ್ಟ್ರು ಬರಲಿ ಎಂದು ಕಾಯುತ್ತಾ ಕೂತರೆ ಮಕ್ಕಳು ದೊಡ್ಡವರಾಗಿಬಿಡುತ್ತಾರೆ. ಭಜನಾ ಮಂಡಳಿಯವರು ಸಂಜೆ ಒಂದು ಗಂಟೆ ಬೀರು ತೆಗೆಯಲಿ. ಮಂಡಳಿಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಸರಿಗಮ ತೋರಿಸಿದರೆ ಸಾಕು. ಹೆಣ್ಣುಮಕ್ಕಳನ್ನೂ ಕೂರಿಸಲಿ, ಎಷ್ಟೋ ಕಡೆ ಅವರಿಗೆ ತಾಳ ಬಿಟ್ಟು ಬೇರೇನೂ ಕೊಡುವುದಿಲ್ಲ. ಮಕ್ಕಳ ಕೈಯಲ್ಲಿ ಒಂದು ಸ್ಪ್ರಿಂಗ್ ಕಳಚಬಹುದು, ಬೆರಳಿಂದ ಒತ್ತುವ ಒಂದು ಮನೆ (ಕೀ) ಸಿಕ್ಕಿಕೊಳ್ಳಬಹುದು. ಸರಿ ಮಾಡುವುದು ಐದು ನಿಮಿಷದ ಕೆಲಸ. ಹಾಗೆ ಮಕ್ಕಳಿಗೆ ಬಿಟ್ಟುಕೊಟ್ಟ ಪೆಟ್ಟಿಗೆಗೆ ನಾನು ಕೂಲಿ ತೆಗೆದುಕೊಳ್ಳುವುದಿಲ್ಲ. ರೀಡು, ಬಟ್ಟೆಯ ಖರ್ಚು ಕೊಟ್ಟರೆ ಸಾಕು.

– ಹಾರ್ಮೋನಿಯಂ ರಿಪೇರಿ ಮಾಡುವ ಓದುಗ, ಹಳೇ ದಾವಣಗೆರೆ