ಕರೆ ಕೊಡುವ ಮುನ್ನ ಕರೆ ಮಾಡಿ

ಮಾನ್ಯರೇ,

ಜನ ಮನೆಯೊಳಗೇ ಉಳಿಯಬೇಕಾಗಿ ಬಂದಾಗಲೆಲ್ಲ ಚಳವಳಿಗಳು ಮಾತನ್ನು ಹೆಚ್ಚಿಸುತ್ತವೆ: ನೇರಪ್ರಸಾರ, ಪೋಸ್ಟರ್, ಆನ್‌ಲೈನ್ ಸಹಿಸಂಗ್ರಹ. ಕೋವಿಡ್ ಹರಡುತ್ತಿದ್ದ 2020ರ ಮಾರ್ಚ್‌ನಲ್ಲಿ ಬ್ರೆಜಿಲ್‌ನ ಜನ ಕಿಟಕಿಗಳಲ್ಲಿ ನಿಂತು ಪಾತ್ರೆ ಬಡಿದು ಅಧ್ಯಕ್ಷ ಬೊಲ್ಸೊನಾರೊ ವಿರುದ್ಧ ಪ್ರತಿಭಟಿಸಿದರು. ಏಪ್ರಿಲ್‌ನಲ್ಲಿ ಇಸ್ರೇಲ್‌ನ ಟೆಲ್ ಅವೀವ್‌ ನಗರದ ರಾಬಿನ್ ಚೌಕದಲ್ಲಿ ಪ್ರತಿಭಟನಾಕಾರರು ಎರಡು ಮೀಟರ್ ಅಂತರ ಬಿಟ್ಟು ನಿಂತರು. ಸಿಟ್ಟು ತೋರಿಸಲು ಇಷ್ಟು ಸಾಕು. ಯಾರ ಮನೆಯಲ್ಲಿ ಔಷಧ ಮುಗಿದಿದೆ, ಯಾರ ಕೂಲಿ ನಿಂತಿದೆ ಎಂಬುದು ಮಾತ್ರ ಇದರಿಂದ ತಿಳಿಯದು. ಅದಕ್ಕೆ ಹಳೆಯ ಫೋನ್ ಸರಪಳಿಯೇ ವಾಸಿ.

ಒಬ್ಬರಿಗೆ ಐದೇ ಮನೆ. ಆ ಐವರು ತಲಾ ಐವರಿಗೆ ಫೋನ್ ಮಾಡುತ್ತ ಹೋದರೆ ಮೂರನೇ ಸುತ್ತಿಗೆ 155 ಜನ ಸಿಗುತ್ತಾರೆ. ಒಬ್ಬರೇ ಒಂದೇ ಸಂಜೆ ಐದಕ್ಕಿಂತ ಹೆಚ್ಚು ಕರೆ ಮಾಡಿದರೆ ಕಿವಿ ದಣಿದು, ಕೊನೆಯವು ಬರೀ ಹಾಜರಿ ಕೂಗಿದಂತಾಗುತ್ತವೆ. ‘ಎಲ್ಲ ಸರಿಯಿದೆಯಾ?’ ಎಂದರೆ ‘ಹ್ಞೂಂ’ ಎಂದಷ್ಟೇ ಉತ್ತರ. ‘ಈ ವಾರ ಯಾವುದು ಕಷ್ಟವಾಯಿತು?’ ಎಂದು ಕೇಳಿ ಸುಮ್ಮನಿರಬೇಕು. ಕಾರ್ಯಕರ್ತರು ಎಡವುವುದು ಇಲ್ಲೇ: ಎರಡನೇ ನಿಮಿಷಕ್ಕೆ ಸಲಹೆ, ಮೂರನೆಯದಕ್ಕೆ ಸಂಘಟನೆಯ ಪ್ರಚಾರ! ಕೇಳಿದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಿ, ಸರಿಯೇ ಎಂದು ಖಾತ್ರಿಪಡಿಸಿಕೊಂಡು ಮೂರು ಸಾಲು ಬರೆದಿಡಿ: ಏನಾಯಿತು, ಏನು ಬೇಕು, ಯಾರಿಗೆ ತಿಳಿಸಬಹುದು. ಒಪ್ಪಿಗೆಯಿಲ್ಲದೆ ಹೆಸರು ಮುಂದಕ್ಕೆ ಹೋಗಬಾರದು. ರೆಕಾರ್ಡಿಂಗ್ ಬೇಡವೇ ಬೇಡ. ಮಾಮೂಲಿ ಕರೆ, ಎಸ್‌ಎಂಎಸ್‌ಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್, ಅಂದರೆ ನಡುವಿನವರು ಕೇಳದಂತೆ, ಓದದಂತೆ ಕಾಯುವ ಗುಪ್ತ ಸಂಕೇತದ ರಕ್ಷಣೆ, ಇಲ್ಲ ಎಂಬುದೂ ನೆನಪಿರಲಿ.

ಗುಂಪು ಕರೆಗೆ ಎಂಟು ಜನ ಸಾಕು. ದನಿ ತಲುಪಲು ಅರ್ಧ ಸೆಕೆಂಡ್ ತಡವಾದರೂ ಮಾತು ಒಂದರ ಮೇಲೊಂದು ಬೀಳುತ್ತದೆ, ಗಟ್ಟಿ ದನಿಯವರೇ ಗೆಲ್ಲುತ್ತಾರೆ. ಹಾಗಾಗಿ ಹೆಸರು ಹಿಡಿದು ಸರದಿ ಕೊಡಿ, ತಲಾ ಮೂರು ನಿಮಿಷ. ಮುಖಂಡರದು ಕೊನೆಯ ಸರದಿ. ಅವರೇ ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸಿ ಮುಗಿಸುತ್ತಾರೆ. ವಿಡಿಯೊ ಆಫ್ ಇದ್ದರೆ ಅದೂ ಕಾಣದು.

ಬೇಡಿಕೆ ಪಟ್ಟಿ ಬರೆಯುವುದು ಇದಾದ ಮೇಲೆ. ಹಲವು ಕಡೆಯಿಂದ ಬಂದ ಒಂದೇ ತೊಂದರೆ ಮೇಲಕ್ಕೆ ಬರಲಿ. ಮನವಿಯ ಕರಡನ್ನು ಅದೇ ಸರಪಳಿಯಲ್ಲಿ ಓದಿಹೇಳಿ, ಕೊನೆಯ ಸುತ್ತಿನ ಒಬ್ಬರು ಮೊದಲಿನವರಿಗೆ ಫೋನ್ ಮಾಡಿ ತಮಗೆ ತಲುಪಿದ್ದನ್ನು ಒಪ್ಪಿಸಲಿ. ಮಾತು ಎಲ್ಲಿ ತಿರುಚಿಹೋಗಿದೆ, ಯಾವ ಕೊಂಡಿ ಕಳಚಿದೆ ಎಂಬುದು ಆಗ ಗೊತ್ತಾಗುತ್ತದೆ. ಫೋನ್ ಎತ್ತದವರಿಗೆ ಮರುದಿನ ಬೇರೆ ಹೊತ್ತಿನಲ್ಲಿ ಮಾಡಿ. ಮನೆಗೆಲ್ಲ ಒಂದೇ ಫೋನ್ ಇದ್ದ ಕಡೆ ಗಂಡಸರ ಮಾತಷ್ಟೇ ಸಿಗುವುದುಂಟು. ಹೆಂಗಸರಿಗೆ ಯಾವ ಹೊತ್ತು ಅನುಕೂಲ ಎಂದು ಮೊದಲ ಕರೆಯಲ್ಲೇ ಅವರನ್ನೇ ಕೇಳಿ ಗುರುತು ಹಾಕಿಕೊಳ್ಳಬೇಕು.